ಕಂಡದ್ದು ಅದಲ್ಲ

ಸ್ಪುಟ್ನಿಕ್ ಉಪಗ್ರಹವನ್ನು ಕಣ್ಣಾರೆ ಕಂಡಿದ್ದೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಹೇಳುವವರಿಗೆ ಈಗ ಎಂಬತ್ತರ ಮೇಲಾಗಿರುತ್ತದೆ. ಆದ್ದರಿಂದ ಎದುರಿಗೆ ತಲೆಯಾಡಿಸಿ, ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ. ಒಳಗೊಳಗೆ ಮಾತ್ರ ನಂಬಬೇಡಿ. ಅವರು ಸುಳ್ಳು ಹೇಳುತ್ತಾರೆಂದಲ್ಲ. 1957ರ ಅಕ್ಟೋಬರಿನಲ್ಲೋ ನವೆಂಬರಿನಲ್ಲೋ ಅಂಗಳಕ್ಕೆ ಬಂದು ಅವರು ಕತ್ತೆತ್ತಿದ್ದು ನಿಜ. ನಿಂತಲ್ಲೇ ನಿಂತ ನಕ್ಷತ್ರಗಳ ನಡುವೆ ಒಂದು ಚುಕ್ಕಿ ಯಾರ ಅಪ್ಪಣೆಗೂ ಕಾಯದೆ ಸರಸರನೆ ನಡೆದುಹೋದದ್ದೂ ನಿಜ. ಆ ಚುಕ್ಕಿ ಸ್ಪುಟ್ನಿಕ್ ಆಗಿರಲಿಲ್ಲ, ಅಷ್ಟೇ.

ಲೆಕ್ಕ ನೋಡಿ. ಸ್ಪುಟ್ನಿಕ್ ಗೋಳದ ಅಡ್ಡಳತೆ 58 ಸೆಂಟಿಮೀಟರು. ನನ್ನ ಮೊಣಕಾಲಿಗಿಂತ ತುಸು ಮೇಲಕ್ಕೆ ಬಂದೀತು. ಅದು ಭೂಮಿಗೆ ತೀರ ಹತ್ತಿರ ಬಂದಾಗಲೂ 215 ಕಿಲೋಮೀಟರು ಎತ್ತರದಲ್ಲಿರುತ್ತಿತ್ತು, ದೂರ ಸರಿದಾಗ 900 ದಾಟುತ್ತಿತ್ತು. ಹೊಳೆಯುವಂತೆ ಎಷ್ಟೇ ತಿಕ್ಕಿ ತೊಳೆದಿದ್ದರೂ ಅಷ್ಟು ದೂರದ ಅಷ್ಟು ಚಿಕ್ಕ ವಸ್ತು ಬರಿಗಣ್ಣಿಗೆ ಕಂಡೂ ಕಾಣದ ಅಂಚಿನಲ್ಲಿತ್ತು. ಜಗತ್ತಿನಾದ್ಯಂತ ಜನ ಬಾಯಿ ತೆರೆದು ನೋಡಿದ್ದು ಅದನ್ನು ಹೊತ್ತೊಯ್ದ ರಾಕೆಟ್ಟಿನ ನಡುಭಾಗವನ್ನು. 26 ಮೀಟರು ಉದ್ದ, ಏಳೂವರೆ ಟನ್ ತೂಕದ ಖಾಲಿ ಕೊಳವೆ ಅದು. ಇಂಧನವೆಲ್ಲ ಉರಿದು, ತಲೆಯ ಮೇಲಿದ್ದ ಗೋಳವನ್ನು ಮುಂದಕ್ಕೆ ತಳ್ಳಿ, ತಾನೂ ಅದೇ ದಾರಿಯಲ್ಲಿ ಭೂಮಿಯನ್ನು ಸುತ್ತತೊಡಗಿತ್ತು. ಮಾಡಿದವರಿಗೆ ಇದು ಮೊದಲೇ ಗೊತ್ತಿತ್ತು. ಗೋಳ ಜನರ ಕಣ್ಣಿಗೆ ಬೀಳುವುದು ಕಷ್ಟ, ಕೊಳವೆಯಾದರೂ ಕಾಣಲಿ ಎಂದು ಅದಕ್ಕೆ ಬೆಳಕು ಪ್ರತಿಫಲಿಸುವ ಫಲಕಗಳನ್ನು ಕಟ್ಟಿಸಿದ್ದರು.

ಹೀಗೆ ಕಂಡವರಲ್ಲಿ ನಮ್ಮ ದೊಡ್ಡಪ್ಪನೂ ಒಬ್ಬರು. ಸಾಗರದ ಕಡೆಯ ಅಡಿಕೆ ತೋಟದ ಮನೆ. ಇಂಟರ್‌ಮೀಡಿಯೆಟ್ ಮುಗಿಸಿ, ಮುಂದೇನು ಎಂದು ಯಾರೂ ಕೇಳದಿದ್ದರಿಂದ ತೋಟಕ್ಕೇ ಮರಳಿದ ಇಪ್ಪತ್ತೆರಡರ ತರುಣ. ಆ ವರ್ಷ ಮನೆಗೆ ಚಿಂತೆಗಳು ಬೇಕಷ್ಟಿದ್ದವು. ಏಪ್ರಿಲ್ ಒಂದರಿಂದ ಸರ್ಕಾರ ನಯಾಪೈಸೆ ತಂದಿತ್ತು. ರೂಪಾಯಿಗೆ ಹದಿನಾರಾಣೆ ಎಂದು ಜೀವಮಾನವಿಡೀ ಎಣಿಸಿದ ನಮ್ಮಜ್ಜನಿಗೆ ಒಂದಾಣೆಗೆ ಆರೇಕಾಲು ನಯಾಪೈಸೆ ಎಂದರೆ ಆ ಕಾಲನ್ನು ಯಾವ ಅಂಗಡಿಯವನು ಕೊಡುತ್ತಾನೆ ಎಂಬುದೇ ತಲೆನೋವು. ಅಂಥದ್ದರಲ್ಲಿ ರಷ್ಯಾದವರು ಆಕಾಶಕ್ಕೆ ಹೊಸ ಚಂದ್ರನನ್ನು ಹಾರಿಸಿದ್ದಾರಂತೆ ಎಂದು ದೊಡ್ಡಪ್ಪ ಪೇಪರು ಹಿಡಿದು ಓಡಿ ಬಂದಾಗ ಅಜ್ಜ ಕೇಳಿದ್ದು ಒಂದೇ ಪ್ರಶ್ನೆಯಂತೆ: “ಅದರ ಖರ್ಚನ್ನೂ ಕಂದಾಯಕ್ಕೆ ಸೇರಿಸ್ತಾರೇನೋ?”

ಹಾರಿಸಿದ ಹೊತ್ತಿನಲ್ಲಿ ನಮ್ಮ ಕಡೆಯವರೆಲ್ಲ ನಿದ್ದೆಯಲ್ಲಿದ್ದರು. ಮಾಸ್ಕೋದಲ್ಲಿ ಅಕ್ಟೋಬರ್ 4ರ ರಾತ್ರಿ ಹತ್ತೂವರೆ. ಇಲ್ಲಿ ತಾರೀಕು ಬದಲಾಗಿ ಸುಮಾರು ಒಂದು ಗಂಟೆ. ದಸರೆಯ ಗೊಂಬೆಗಳನ್ನು ಇನ್ನೂ ಎತ್ತಿಟ್ಟಿರಲಿಲ್ಲವೇನೋ.

ದೊಡ್ಡಪ್ಪ ಅದನ್ನು ಕಂಡದ್ದು ಆಮೇಲೊಂದು ದಿನ, ಅಡಿಕೆ ಚಪ್ಪರದ ಮೇಲೆ ನಿಂತು. ನಮಗೆ ಬುದ್ಧಿ ಬರುವ ಹೊತ್ತಿಗೆ ಆ ಕತೆ ಬಲಿತು ಮರವಾಗಿತ್ತು. ಮೊದಮೊದಲು ಅವರು ‘ಒಂದು ನಕ್ಷತ್ರ ಓಡಿದ ಹಾಗೆ’ ಎನ್ನುತ್ತಿದ್ದರಂತೆ. ನಾವು ಶಾಲೆಗೆ ಹೋಗುವ ಕಾಲಕ್ಕೆ ಅದು ಬೆಳ್ಳಿಯ ಗುಂಡಾಗಿತ್ತು. ಆಗ ಮನೆಗೆ ‘ಸೋವಿಯತ್ ಲ್ಯಾಂಡ್’ ಪತ್ರಿಕೆ ಬರುತ್ತಿತ್ತು. ಅಷ್ಟು ನುಣುಪು, ಅಷ್ಟು ದಪ್ಪ ಕಾಗದ ನಮ್ಮ ದೇಶದ ಯಾವ ಪತ್ರಿಕೆಗೂ ಇರಲಿಲ್ಲವಾದ್ದರಿಂದ ನಮ್ಮ ಗಣಿತ, ಸಮಾಜ, ಸಂಸ್ಕೃತ ನೋಟ್‌ಬುಕ್ಕುಗಳೆಲ್ಲ ಸೋವಿಯತ್ ಟ್ರಾಕ್ಟರುಗಳ, ನಗುವ ಗೋಧಿ ರೈತರ ಅಂಗಿ ತೊಟ್ಟಿರುತ್ತಿದ್ದವು. ಅಂಥ ಒಂದು ಹಾಳೆಯಲ್ಲಿ ಸ್ಪುಟ್ನಿಕ್ ಚಿತ್ರ ಬಂದ ಮೇಲೆ ದೊಡ್ಡಪ್ಪನ ಗುಂಡಿಗೆ ನಾಲ್ಕು ಬಾಲ ಹುಟ್ಟಿಕೊಂಡವು. ಬರಬರುತ್ತಾ ಅದು ಸದ್ದನ್ನೂ ಮಾಡತೊಡಗಿತು. “ಪೀಂ, ಪೀಂ ಅಂತ ನಮ್ಮ ಮನೆ ಮಾಡಿನ ಮೇಲೇ ಹೋತು” ಎಂದು ಅವರು ಬೆರಳಿನಲ್ಲಿ ದಾರಿ ತೋರಿಸುವಾಗ ನಾವೂ ಕತ್ತು ತಿರುಗಿಸಿ ನೋಡುತ್ತಿದ್ದೆವು.

ದೊಡ್ಡಮ್ಮನನ್ನು ಕೇಳಿದರೆ ಬೇರೆಯೇ ಉತ್ತರ. ಆಕೆ ಮದುವೆಯಾಗಿ ಬಂದ ಹೊಸದು. “ಕರೆದರಪ್ಪ. ಒಲೆ ಮೇಲೆ ಹಾಲಿತ್ತು. ಉಕ್ಕಿಸಿದರೆ ನಿನ್ನ ಅಜ್ಜಿ ಬಿಡ್ತಿದ್ರಾ? ಹಾಲು ಇಳಿಸಿ ಬರೋದರೊಳಗೆ ಹೋಗಿಯಾಗಿತ್ತು.” ಇಡೀ ಊರಿನಲ್ಲಿ ಸ್ಪುಟ್ನಿಕ್ ನೋಡಿಲ್ಲ ಎಂದು ಒಪ್ಪಿಕೊಂಡವರು ಆಕೆ ಒಬ್ಬರೇ.

ಖಾಲಿ ಕೊಳವೆಯ ಸಂಗತಿ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪುಸ್ತಕವೊಂದನ್ನು ಓದುವಾಗ. ಒಂದು ನಂಬಿಕೆಯನ್ನು ಒಡೆಯುವಷ್ಟು ಹೊಸ ವಿಷಯ ಕೈಗೆ ಸಿಕ್ಕಾಗ ಸುಮ್ಮನಿರಲು ಬರುವುದಿಲ್ಲವಲ್ಲ, ಮುಂದಿನ ಸಲ ಊರಿಗೆ ಹೋದಾಗ ಹೇಳಿಯೇಬಿಟ್ಟೆ. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. “ಉತ್ಸವಕ್ಕೆ ಹೋದೋರಿಗೆಲ್ಲ ದೇವರು ಕಾಣ್ತಾನಾ? ಹೂವಿನ ರಾಶಿ ಒಳಗೆ ಇರ್ತಾನೆ. ಕಾಣೋದು ಪಲ್ಲಕ್ಕಿ ಹೊತ್ತೋರು. ನಾ ಹೊತ್ತೋರನ್ನ ನೋಡಿದೆ ಅಂತಾತಲ್ಲ, ಬಿಡು” ಎಂದರು. ಎಲೆ ಮಡಚಿ ಬಾಯಿಗಿಟ್ಟ ಮೇಲೆ, “ಆದರೂ ಪೀಂ ಅಂದಿದ್ದು ಹೌದು” ಎಂದು ಸೇರಿಸಿದರು.

ಆದರೆ ಈ ಕತೆಯಲ್ಲಿ ದೇವರಷ್ಟೇ ಅಲ್ಲ, ಹೊತ್ತವರೂ ಕಾಣಿಸಲಿಲ್ಲ. ಸ್ಪುಟ್ನಿಕ್ ಹಾರಿದ ಕೆಲವೇ ದಿನಕ್ಕೆ ಬಾರ್ಸಿಲೋನಾದಲ್ಲಿ ಅಂತರಿಕ್ಷಯಾನದ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೋವಿಯತ್ ಕಡೆಯಿಂದ ಬಂದ ಲಿಯೊನಿದ್ ಸೆದೋವ್ ಎಂಬ ವಿದ್ವಾಂಸರನ್ನು ಪಶ್ಚಿಮದ ಪತ್ರಿಕೆಗಳು ‘ಸ್ಪುಟ್ನಿಕ್ ಪಿತಾಮಹ’ ಮಾಡಿಬಿಟ್ಟವು. ಸೆದೋವ್ ದೊಡ್ಡ ಗಣಿತಜ್ಞರೇ. ಗೋಳ ಕಟ್ಟಿದ್ದರಲ್ಲಿ ಮಾತ್ರ ಅವರ ಕೈಯಿರಲಿಲ್ಲ. ನಿಜವಾದ ತಂದೆ ಸೆರ್ಗೆಯ್ ಕೊರೊಲ್ಯೋವ್ ಎಲ್ಲೂ ಹೋಗುವಂತಿರಲಿಲ್ಲ, ಯಾರೆದುರೂ ಬಾಯಿ ಬಿಡುವಂತಿರಲಿಲ್ಲ. ಪತ್ರಿಕೆಗಳಲ್ಲಿ ಅವರು ಬರೇ ‘ಮುಖ್ಯ ವಿನ್ಯಾಸಕ’. ಪ್ರಾವ್ದಾದಲ್ಲಿ ಲೇಖನ ಬರೆದರೆ ‘ಪ್ರೊಫೆಸರ್ ಕೆ. ಸೆರ್ಗೆಯೆವ್’ ಎಂದು ಸಹಿ. ಹೆಸರನ್ನು ಹಿಂದುಮುಂದು ಮಾಡಿಕೊಂಡರೆ ಗುರುತು ಸಿಗುವುದಿಲ್ಲ ಎಂಬ ನಂಬಿಕೆ ನಮ್ಮ ಹೈಸ್ಕೂಲು ಹುಡುಗರಿಗೂ ಇರುತ್ತದೆ, ಪ್ರೇಮಪತ್ರ ಬರೆಯುವಾಗ.

ಕೊರೊಲ್ಯೋವರಿಗೆ ಮರೆಯಲ್ಲಿರುವುದು ಹೊಸದಲ್ಲ. 1938ರಲ್ಲಿ ಸ್ಟಾಲಿನ್ನನ ಪೊಲೀಸರು ಅವರನ್ನು ಹಿಡಿದೊಯ್ದಿದ್ದರು. ಕೊಲಿಮಾದ ಚಿನ್ನದ ಗಣಿಗೆ ಹಾಕಿದರು. ಅಲ್ಲಿನ ಚಳಿಗೆ, ಹಸಿವೆಗೆ, ಸ್ಕರ್ವಿ ಬೇನೆಗೆ ಹಲ್ಲುಗಳು ಉದುರಿದವು. ಆಮೇಲೆ, ಕೈದಿ ಎಂಜಿನಿಯರುಗಳಿಂದ ವಿಮಾನ ವಿನ್ಯಾಸ ಮಾಡಿಸುವ ಸೆರೆಮನೆಯಲ್ಲಿ ಕೂತರು. ಅಂಥ ದೇಶಕ್ಕೆ ಅದೇ ಮನುಷ್ಯ ಇಷ್ಟು ದೊಡ್ಡ ಕೀರ್ತಿ ತಂದುಕೊಟ್ಟರು ಎನ್ನುವುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೋ ನನಗೆ ತಿಳಿಯದು. ಕ್ಷಮಿಸಿದರೇ, ಮರೆತರೇ, ಅಥವಾ ರಾಕೆಟ್ಟಿನ ಹುಚ್ಚಿನ ಮುಂದೆ ಇವೆರಡಕ್ಕೂ ಪುರುಸೊತ್ತಾಗಲಿಲ್ಲವೇ? 1966ರ ಜನವರಿಯಲ್ಲಿ ತೀರಿಕೊಂಡರು. ಆಗ ಪ್ರಾವ್ದಾ ಹೆಸರು, ಫೋಟೋ, ಪದಕಗಳ ಪಟ್ಟಿ ಎಲ್ಲವನ್ನೂ ಒಟ್ಟಿಗೆ ಅಚ್ಚು ಹಾಕಿತು. ಅಸ್ಥಿಯನ್ನು ಕ್ರೆಮ್ಲಿನ್ ಗೋಡೆಯಲ್ಲಿಟ್ಟರು. ಮನುಷ್ಯ ಕಾಣಿಸಿಕೊಳ್ಳಲು ಸಾಯಬೇಕಾಯಿತು.

ಊರಿನದ್ದೂ ಇದೇ ಹಣೆಬರಹ. ರಾಕೆಟ್ ಏರಿದ್ದು ಕಜಾಕಸ್ತಾನದ ತ್ಯುರತಾಮ್ ಎಂಬ ರೈಲ್ವೆ ಸ್ಟೇಷನ್ನಿನ ಬಳಿಯಿಂದ. ಆದರೆ 1961ರಲ್ಲಿ ಗಗಾರಿನ್ ಹಾರಿದಾಗ ಜಗತ್ತಿಗೆ ಹೇಳಿದ್ದು ಬೈಕನೂರ್ ಎಂದು. ನಿಜವಾದ ಬೈಕನೂರ್ ಅಲ್ಲಿಂದ ಸುಮಾರು 300 ಕಿಲೋಮೀಟರು ಆಚೆ ತನ್ನ ಪಾಡಿಗೆ ತಾನಿದ್ದ ಗಣಿ ಹಳ್ಳಿ. ಶತ್ರುಗಳ ದಾರಿ ತಪ್ಪಿಸಲು ಅದರ ಹೆಸರನ್ನು ಎತ್ತಿಕೊಂಡಿದ್ದರು. ಅಮೆರಿಕದ ಬೇಹು ವಿಮಾನ ಅಷ್ಟರಲ್ಲೇ ತ್ಯುರತಾಮಿನ ಫೋಟೋ ತೆಗೆದು ಹೋಗಿದ್ದರಿಂದ ದಾರಿ ತಪ್ಪಿದ್ದು ನಮ್ಮಂಥ ಜನಸಾಮಾನ್ಯರದ್ದು ಮಾತ್ರ. ಸುಳ್ಳು ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಸೋವಿಯತ್ ಒಕ್ಕೂಟವೇ ಹೋದ ಮೇಲೆ, 1995ರಲ್ಲಿ, ತ್ಯುರತಾಮಿನ ಪಕ್ಕದ ಲೆನಿನ್ಸ್ಕ್ ಪಟ್ಟಣಕ್ಕೆ ಬೈಕನೂರ್ ಎಂದೇ ನಾಮಕರಣ ಮಾಡಿ ಅದನ್ನು ನಿಜ ಮಾಡಿದರು. ತಮ್ಮ ಹೆಸರು ಕಳುವಾದದ್ದರ ಬಗ್ಗೆ ಆ ಗಣಿ ಹಳ್ಳಿಯವರನ್ನು ಯಾರಾದರೂ ಕೇಳಿದರೋ ಏನೋ.

ಇನ್ನು ಆ ಗೋಳ. ಅದನ್ನು ಹಾರಿಸುವುದು ಮೂಲ ಯೋಜನೆಯಲ್ಲೇ ಇರಲಿಲ್ಲ. ಟನ್‌ಗಿಂತ ಹೆಚ್ಚು ತೂಕದ, ಹತ್ತಾರು ಉಪಕರಣಗಳ ಭಾರಿ ಪ್ರಯೋಗಶಾಲೆಯೊಂದನ್ನು ಕಳಿಸಬೇಕೆಂದಿತ್ತು. ಒಂದು ಉಪಕರಣ ಬಂದರೆ ಇನ್ನೊಂದಿಲ್ಲ, ಇನ್ನೊಂದು ಬಂದರೆ ಅಳತೆ ಕೂಡುವುದಿಲ್ಲ. ಸರ್ಕಾರಿ ಕೆಲಸ ಯಾವ ಭಾಷೆಯಲ್ಲಿ ನಡೆದರೂ ಹಾಗೆಯೇ. ಅಷ್ಟರಲ್ಲಿ ಅಮೆರಿಕದವರು ಅಂತರರಾಷ್ಟ್ರೀಯ ಭೂಭೌತ ವರ್ಷದ ನೆಪದಲ್ಲಿ ಮುಂದೆ ಹೋಗಿಬಿಟ್ಟರೆ? ಕೊರೊಲ್ಯೋವರ ಒಡನಾಡಿ ತಿಖೊನ್ರಾವೊವ್, ಹಗುರವಾದದ್ದು, ಸರಳವಾದದ್ದು ಒಂದನ್ನು ಮೊದಲು ಕಳಿಸೋಣ ಎಂದರು. ಕಡತದಲ್ಲಿ ಅದರ ಹೆಸರೇ ‘ಅತಿ ಸರಳ ಉಪಗ್ರಹ’. 83.6 ಕಿಲೋ ತೂಕ. ಅದರಲ್ಲಿ 51 ಕಿಲೋ ಬರೇ ಬ್ಯಾಟರಿ. ಉಳಿದದ್ದು ಒಂದು ರೇಡಿಯೊ ಟ್ರಾನ್ಸ್‌ಮಿಟರ್, ನಾಲ್ಕು ಆಂಟೆನಾ, ಒಳಗೆ ತುಂಬಿದ ಸಾರಜನಕ, ಸೆಕೆಯಾದರೆ ತಿರುಗಲು ಒಂದು ಫ್ಯಾನು. ಆಕಾಶದ ಚಿತ್ರ ತೆಗೆಯಲಿಲ್ಲ, ಮಣ್ಣು ತರಲಿಲ್ಲ. ಇದ್ದೇನೆ, ಇದ್ದೇನೆ ಎಂದಷ್ಟೇ ಹೇಳಿತು. ಹೊರಮೈ ಮಿರಮಿರ ಮಿಂಚಬೇಕೆಂದು ಕೊರೊಲ್ಯೋವರ ಹಟ. ಬಿಸಿಲಿನ ಕಾವು ಹಿಂತಿರುಗಲಿ ಎಂಬ ಕಾರಣವಿತ್ತು, ನಿಜ. ಆದರೆ ಹಾರದೆ ಇಲ್ಲೇ ಉಳಿಯುವ ಮಾದರಿಗೂ ಅಷ್ಟೇ ಪಾಲಿಶ್ ಹಾಕಿಸಿದರಂತೆ, ಇದು ಮುಂದೆ ಮ್ಯೂಸಿಯಮ್ಮಿನಲ್ಲಿ ಕೂರುವಂಥದ್ದು ಎಂದು.

ಅಂದು ರಾತ್ರಿ ರಾಕೆಟ್ ಏರಿದ ಮೇಲೆ ಸಂಕೇತ ಕೇಳಿಸಿದಾಗ ಎಲ್ಲರೂ ಕುಣಿದರು. ಕೊರೊಲ್ಯೋವ್ ಮಾತ್ರ ಅದು ಒಂದು ಸುತ್ತು ಮುಗಿಸಿ ಮತ್ತೆ ತಲೆಯ ಮೇಲೆ ಬಂದು ಕೂಗುವ ತನಕ ಮಾಸ್ಕೋಗೆ ಸುದ್ದಿ ಕೊಡಲಿಲ್ಲ. 96 ನಿಮಿಷ ಕಾಯಬೇಕು. ಕೊಲಿಮಾ ಕಂಡು ಬಂದವರಿಗೆ ಒಂದೇ ಸಲದ ಒಳ್ಳೆಯ ಸುದ್ದಿ ಸಾಲದು.

ಸುದ್ದಿಯೂ ಯಾರಿಗೆ ಕಾಣಬೇಕೋ ಅವರಿಗೆ ಮೊದಲು ಕಾಣಲಿಲ್ಲ. ಮಾರನೆಯ ದಿನದ ಪ್ರಾವ್ದಾ ಇದನ್ನು ಮುಖಪುಟದ ಒಂದು ಅಂಕಣದಲ್ಲಿ, ಹೊಸ ಸೇತುವೆ ಉದ್ಘಾಟನೆಯಾದಷ್ಟೇ ಉತ್ಸಾಹದಿಂದ ಹೇಳಿ ಮುಗಿಸಿತ್ತು. ಅದೇ ಹೊತ್ತಿಗೆ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಯಲ್ಲಿ ವಿಜ್ಞಾನಿಗಳಿಗೆ ಪಾರ್ಟಿ ನಡೆಯುತ್ತಿತ್ತು. ನ್ಯೂಯಾರ್ಕ್ ಟೈಮ್ಸ್ ವರದಿಗಾರ ವಾಲ್ಟರ್ ಸಲಿವನ್ನರಿಗೆ ಕಚೇರಿಯಿಂದ ಫೋನ್ ಬಂತು. ಅವರು ಪಿಸುಗುಟ್ಟಿದ್ದು ಅಮೆರಿಕದ ಭೌತವಿಜ್ಞಾನಿ ಲಾಯ್ಡ್ ಬರ್ಕ್‌ನರ್ ಕಿವಿಗೆ ಬಿತ್ತು. ಬರ್ಕ್‌ನರ್ ಚಪ್ಪಾಳೆ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿ ಸೋವಿಯತ್ ಮಿತ್ರರಿಗೆ ಅಭಿನಂದನೆ ಹೇಳಿದರು. ಮನೆಯವರ ಸಿಹಿ ಸುದ್ದಿಯನ್ನು ನೆಂಟರೇ ಸಾರಬೇಕಾಯಿತು. ಹೊರಗಿನವರು ಇಷ್ಟೊಂದು ಬೆಚ್ಚಿಬಿದ್ದದ್ದನ್ನು ಕಂಡ ಮೇಲೆ ತಾವೇನು ಮಾಡಿದ್ದೇವೆಂದು ಪ್ರಾವ್ದಾಕ್ಕೂ ಹೊಳೆದು, ಆರನೆಯ ತಾರೀಕಿನ ಮುಖಪುಟದ ತುಂಬ ದಪ್ಪಕ್ಷರ. ಇದಕ್ಕೆ ಉತ್ತರವೆಂಬಂತೆ ಡಿಸೆಂಬರ್ 6ರಂದು ಹಾರಹೊರಟ ಅಮೆರಿಕದ ವ್ಯಾನ್‌ಗಾರ್ಡ್ ರಾಕೆಟ್ ನೆಲದಿಂದ ನಾಲ್ಕಡಿ ಎದ್ದು ಕುಸಿದು ಉರಿದುಹೋಯಿತು. ‘ಕಪುಟ್ನಿಕ್’, ‘ಫ್ಲಾಪ್ನಿಕ್’ ಎಂದು ಅಲ್ಲಿಯ ಪತ್ರಿಕೆಗಳೇ ಕುಹಕವಾಡಿದವು. ಸ್ವಂತ ಸರ್ಕಾರವನ್ನು ಹಾಗೆ ಆಡಿಕೊಳ್ಳಲು ಬಿಡುವ ದೇಶ ಹೇಗಾದರೂ ಚೇತರಿಸಿಕೊಳ್ಳುತ್ತದೆ ಎಂದು ಯಾರಿಗೂ ಆಗ ತೋರಿದ ಹಾಗಿಲ್ಲ.

ನೋಡಲು ಹೋದವರೆಲ್ಲ ಬೇರೇನನ್ನೋ ನೋಡಿ ಬಂದರು; ಕೇಳಿದವರಿಗೆ ಮಾತ್ರ ಮೋಸವಾಗಲಿಲ್ಲ. 20 ಮೆಗಾಹರ್ಟ್ಸ್‌ನ ಪೀಂಕಾರವನ್ನು ಯಾವ ಹವ್ಯಾಸಿಯಾದರೂ ಸಾಧಾರಣ ಶಾರ್ಟ್‌ವೇವ್ ಪೆಟ್ಟಿಗೆಯಲ್ಲಿ ಹಿಡಿಯಬಹುದಿತ್ತು. ಅಮೆರಿಕದ ಮೇರಿಲ್ಯಾಂಡಿನ ಪ್ರಯೋಗಾಲಯದಲ್ಲಿ ವಿಲಿಯಂ ಗೈಯರ್, ಜಾರ್ಜ್ ವೈಫೆನ್‌ಬಾಕ್ ಎಂಬ ಇಬ್ಬರು ತರುಣರು ಕ್ಯಾಂಟೀನಿನ ಹರಟೆಯಲ್ಲಿ, ಅಲ್ಲಾ, ಇಷ್ಟು ಗಲಾಟೆಯಾಗುತ್ತಿದೆ, ನಾವ್ಯಾರೂ ಇದನ್ನು ಕೇಳಿಯೇ ಇಲ್ಲವಲ್ಲ ಎಂದುಕೊಂಡು ರಿಸೀವರ್ ಹಚ್ಚಿ ಕೂತರು. ಗೋಳ ಹತ್ತಿರ ಬರುವಾಗ ಸ್ವರ ತುಸು ಏರುತ್ತದೆ, ದಾಟಿ ಹೋಗುವಾಗ ಇಳಿಯುತ್ತದೆ. ಆ ಏರಿಳಿತವೊಂದರಿಂದಲೇ ಅದರ ಇಡೀ ಕಕ್ಷೆಯನ್ನು ಲೆಕ್ಕ ಹಾಕಿದರು. ಮುಂದಿನ ವರ್ಷ ಅವರ ಮೇಲಧಿಕಾರಿ ಫ್ರಾಂಕ್ ಮೆಕ್ಲೂರ್ ಪ್ರಶ್ನೆಯನ್ನು ತಲೆಕೆಳಗು ಮಾಡಿ ಕೇಳಿದರು: ಉಪಗ್ರಹ ಎಲ್ಲಿದೆಯೆಂದು ಗೊತ್ತಿದ್ದರೆ ಕೇಳುವವನು ಎಲ್ಲಿದ್ದಾನೆಂದು ಹೇಳಬಹುದೇ? ಸಮುದ್ರದ ನಡುವಿನ ಜಲಾಂತರ್ಗಾಮಿಗಳಿಗೆ ತಮ್ಮ ಠಾವು ತಿಳಿಸುವ ಟ್ರಾನ್ಸಿಟ್ ವ್ಯವಸ್ಥೆ ಹುಟ್ಟಿದ್ದು ಅಲ್ಲಿಂದ. ಅದರ ಮುಂದಿನ ಪೀಳಿಗೆ ಈಗಿನ ಜಿಪಿಎಸ್. ಮೊನ್ನೆ ಮದುವೆಯೊಂದಕ್ಕೆ ಹೊರಟ ನಮ್ಮನ್ನು ಮೊಬೈಲಿನ ನಕಾಶೆ ಯಾರದೋ ಕೊಟ್ಟಿಗೆಯ ಮುಂದೆ ನಿಲ್ಲಿಸಿ, ನೀವು ತಲುಪಿದ್ದೀರಿ ಎಂದು ಅಭಿನಂದಿಸಿದಾಗ ಎಮ್ಮೆಯ ಮುಖ ನೋಡುತ್ತಾ ನನಗೆ ಈ ಇಬ್ಬರೇ ನೆನಪಾದರು.

ನಮ್ಮದೇ ಉಪಗ್ರಹ ಆರ್ಯಭಟವನ್ನಂತೂ ಯಾರೂ ನೋಡಿದೆನೆಂದು ಹೇಳಿಕೊಳ್ಳಲಿಲ್ಲ. ಅದು ತಯಾರಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಮಾಡಿಸಿದವರು ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್. ತೂಕ 360 ಕಿಲೋ, ಸ್ಪುಟ್ನಿಕ್‌ನ ನಾಲ್ಕು ಪಟ್ಟಿಗಿಂತ ಹೆಚ್ಚು. 1975ರ ಏಪ್ರಿಲ್ 19ರಂದು ಅದನ್ನು ಹೊತ್ತು ಏರಿದ್ದು ಅದೇ ಸೋವಿಯತ್ ದೇಶದ ರಾಕೆಟ್, ಕಪುಸ್ತಿನ್ ಯಾರ್ ಎಂಬಲ್ಲಿಂದ. ಸಂಕೇತ ಹಿಡಿಯಲು ಬೆಂಗಳೂರಿನಲ್ಲಿ ಜಾಗವಿಲ್ಲದೆ ಶೌಚಾಲಯವೊಂದನ್ನೇ ಕೇಂದ್ರ ಮಾಡಿಕೊಂಡಿದ್ದೆವು ಎಂದು ರಾವ್ ಅವರೇ ಹೇಳಿದ್ದುಂಟು. ಕೆಲವೇ ದಿನಕ್ಕೆ ಅದರ ಪ್ರಯೋಗಗಳಿಗೆ ಕರೆಂಟು ಹೋಯಿತು. ಪೀಣ್ಯದಲ್ಲಿ ಹುಟ್ಟಿದ್ದಕ್ಕೆ ಸರಿಯಾಗಿಯೇ ಇತ್ತು ಎನ್ನಬೇಕು. ಆದರೆ ಸರ್ಕಾರ ಅದರ ಚಿತ್ರವನ್ನು ಎರಡು ರೂಪಾಯಿ ನೋಟಿನ ಬೆನ್ನಿಗೆ ಅಚ್ಚು ಹಾಕಿಸಿತು. ಸಂತೆಯಲ್ಲಿ ಕೊತ್ತಂಬರಿ ಸೊಪ್ಪು ಕೊಳ್ಳುವವರ ಅಂಗೈಗೂ ಬಾಹ್ಯಾಕಾಶ ಬಂದಿತು, ಬೆವರು ಹತ್ತಿ ಮೆತ್ತಗಾಗಿ, ಮಧ್ಯೆ ಹರಿದು, ಅಂಟಿಸಿಕೊಂಡು. ದೊಡ್ಡಪ್ಪ ನೋಟನ್ನು ಬಿಸಿಲಿಗೆ ಹಿಡಿದು ನೋಡಿ, “ಇದಕ್ಕೆ ಬಾಲವೇ ಇಲ್ವಲ್ಲೋ” ಎಂದಿದ್ದರು.

ಸ್ಪುಟ್ನಿಕ್‌ನ ಬ್ಯಾಟರಿ ಎರಡು ವಾರ ಬಾಳಿದರೆ ಹೆಚ್ಚು ಎಂದುಕೊಂಡಿದ್ದರು. ಮೂರು ವಾರ ಎಳೆಯಿತು. ಅಕ್ಟೋಬರ್ 26ಕ್ಕೆ, ಆ ವರ್ಷದ ದೀಪಾವಳಿಯ ಆಸುಪಾಸಿನಲ್ಲಿ, ಸ್ವರ ನಿಂತಿತು. ಜನ ನೋಡುತ್ತಿದ್ದ ಕೊಳವೆ ಡಿಸೆಂಬರ್ ಮೊದಲಲ್ಲಿ ವಾತಾವರಣಕ್ಕೆ ಬಿದ್ದು ಉರಿಯಿತು. ಗೋಳ 1958ರ ಜನವರಿ 4ರ ವರೆಗೆ ಮಾತಿಲ್ಲದೆ ಸುತ್ತಿ, ಅದೂ ಹೋಯಿತು.

ಉಳಿದಿರುವುದು ಒಂದೇ ತುಣುಕು. ಹಾರಿಸುವ ತನಕ ಬ್ಯಾಟರಿಗೂ ಟ್ರಾನ್ಸ್‌ಮಿಟರಿಗೂ ಸಂಪರ್ಕವಾಗದಂತೆ ನಡುವೆ ಸಿಕ್ಕಿಸಿಟ್ಟಿದ್ದ ಲೋಹದ ಕೀಲಿ ಅದು. ಗೋಳ ಬಾಯಿ ಬಿಡದ ಹಾಗೆ ನೋಡಿಕೊಳ್ಳುವುದೊಂದೇ ಅದರ ಕೆಲಸವಾಗಿತ್ತು; ಹಾರುವ ಮುಂಚೆ ಕಿತ್ತು ತೆಗೆದದ್ದರಿಂದ ಉಳಿದುಕೊಂಡಿತು. ಈಗ ಅದಿರುವುದು ಮಾಸ್ಕೋದಲ್ಲಲ್ಲ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿ. ಕೊರೊಲ್ಯೋವ್ ತಿಕ್ಕಿಸಿದ್ದೆಲ್ಲ ಬೂದಿಯಾಗಿ, ಯಾರೂ ಪಾಲಿಶ್ ಹಾಕದ್ದು ಗಾಜಿನೊಳಗೆ ಕೂತಿದೆ.

ದೊಡ್ಡಪ್ಪ ಹೋಗಿ ಕೆಲವು ವರ್ಷಗಳಾದವು. ಅವರ ಮೊಮ್ಮಗಳು ವರ್ಜೀನಿಯಾದಲ್ಲಿದ್ದಾಳೆ. ಅಜ್ಜನ ಸ್ಪುಟ್ನಿಕ್ ಕತೆ ಕೇಳಿ ಬೆಳೆದವಳು. ನಾನು ಹೇಳಿದ್ದಕ್ಕೆ ಒಂದು ಭಾನುವಾರ ಗಂಡ, ಮಗುವಿನೊಡನೆ ಹೋಗಿ ಆ ಕೀಲಿಯ ಮುಂದೆ ನಿಂತು ಸೆಲ್ಫಿ ಕಳಿಸಿದಳು. ಅದನ್ನು ದೊಡ್ಡಮ್ಮನಿಗೆ ತೋರಿಸಿದೆ. ಆಕೆ ಕನ್ನಡಕ ಏರಿಸಿ, ಬೆರಳಿನಿಂದ ಹಿಗ್ಗಿಸಿ, ಮೊಮ್ಮಗಳ ಕಿವಿಯ ಓಲೆ ಪರೀಕ್ಷಿಸಿ, ಮಗುವಿಗೆ ಕಾಲುಚೀಲ ಹಾಕಿಲ್ಲವೆಂದು ಬೈದು, ಕೊನೆಗೆ ಕೇಳಿದರು:

“ಇದರಲ್ಲಿ ಯಾವುದೋ ಅದು?”

ಫೋಟೋದ ತುಂಬ ಮೂರು ಮುಖಗಳೇ ಇದ್ದವು. ಕೀಲಿ ಅಳಿಯನ ತಲೆಯ ಹಿಂದೆ ಎಲ್ಲೋ ಇರಬೇಕು.

“ಕಾಣ್ತಿಲ್ಲ ದೊಡ್ಡಮ್ಮ.”

“ನಂಗೆ ಯಾವತ್ತೂ ಕಾಣಲ್ಲ ಬಿಡು ಅದು” ಎಂದು ಫೋನು ವಾಪಸು ಕೊಟ್ಟು, ಹಾಲು ಇಳಿಸಲು ಒಳಗೆ ಹೋದರು.